ಸೂರ್ಯ ಮುಳುಗದ ನಾಡು ಮತ್ತು ನಮ್ಮ ಮಸೀದಿಯ ವೇಳಾಪಟ್ಟಿ

ಹೊಸಪೇಟೆಯ ಮಸೀದಿಯೊಂದರಲ್ಲಿ ಎಂಟನೆಯ ತರಗತಿಯ ಬಾಲಕನೊಬ್ಬ ಕೇಳಿದ: "ಧ್ರುವದಲ್ಲಿ ಆರು ತಿಂಗಳು ಸೂರ್ಯ ಮುಳುಗುವುದೇ ಇಲ್ಲವಂತೆ, ಅಲ್ಲಿ ಇಫ್ತಾರ್ ಯಾವಾಗ?" ಹಿರಿಯರೊಬ್ಬರು ಗದರಿದರು: "ಅದೆಲ್ಲ ಶಾಲೆಯ ಕಟ್ಟುಕಥೆ, ಸುಮ್ಮನೆ ಕುಳಿತುಕೋ."

ಈ ಗದರಿಕೆಗೆ ಸಾವಿರ ವರ್ಷದ ಇತಿಹಾಸವಿದೆ. ಗಝ್ನಿಯ ಸುಲ್ತಾನ ಮಹ್ಮೂದನ ಆಸ್ಥಾನದಲ್ಲಿ ದೂರದ ತುರ್ಕಿ ದೂತನೊಬ್ಬ ಸೂರ್ಯಾಸ್ತವಿಲ್ಲದ ಪ್ರದೇಶದ ಸುದ್ದಿ ಹೇಳಿದಾಗ ಸುಲ್ತಾನನು ಇದು ಧರ್ಮವಿರೋಧಿ ಮಾತೆಂದು ಕೆರಳಿದನು. ಅಲ್‌ಬೀರೂನಿ ವಿವರಿಸಿದ ಬಳಿಕವೇ ಶಾಂತನಾದನೆಂದು ಯಾಕೂತ್ ದಾಖಲಿಸಿದ್ದಾರೆ. ನಮ್ಮ ಜಮಾಅತ್‌ಗಳಲ್ಲಿ ಮಹ್ಮೂದರಿಗೆ ಕೊರತೆಯಿಲ್ಲ, ಬೀರೂನಿಗಳೆಲ್ಲಿ?

922ರಲ್ಲಿ ವೋಲ್ಗಾ ತೀರದ ಬುಲ್ಗಾರರ ನಾಡಿಗೆ ಹೋದ ಇಬ್ನ್ ಫದ್ಲಾನ್, ಇಶಾದ ಅಝಾನಿಗಾಗಿ ಕಾಯುತ್ತಾ ಬಗ್ದಾದಿನ ದರ್ಜಿಯೊಬ್ಬನೊಡನೆ ಮಾತಾಡುತ್ತಿದ್ದಂತೆಯೇ ಮುಂಜಾನೆಯ ಅಝಾನ್ ಕೇಳಿ ಬೆರಗಾದರು. ಫಜ್ರ್ ತಪ್ಪೀತೆಂಬ ಭಯದಿಂದ ಒಂದು ತಿಂಗಳಿಂದ ನಿದ್ರಿಸಿಲ್ಲವೆಂದು ಅಲ್ಲಿನ ಮುಅದ್ಸಿನ್ ಹೇಳಿಕೊಂಡನು. ಇನ್ನು, ವರ್ಷದಷ್ಟು ದೀರ್ಘವಾಗುವ ದಿನವೊಂದರ ಕುರಿತು ಪ್ರವಾದಿ(ಸ) ಹೇಳಿದಾಗ ಸಹಾಬಿಗಳು ಅಂದಿನ ನಮಾಝ್ ಹೇಗೆಂದು ವಿಚಾರಿಸಿದರು. ಪ್ರವಾದಿ(ಸ) ಅವರನ್ನು ಗದರಲಿಲ್ಲ. ಸಮಯವನ್ನು ಅಂದಾಜಿಸಿಕೊಳ್ಳಲು ಸೂಚಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನೇ ಆಧರಿಸಿ ವಿದ್ವಾಂಸರು ಧ್ರುವ ಪ್ರದೇಶದ ಸಮಸ್ಯೆಗೆ ಉತ್ತರಿಸಿದ್ದಾರೆ. ಬಾಲಕನ ಪ್ರಶ್ನೆ ಸಹಾಬಿಗಳದೇ ಪ್ರಶ್ನೆಯಾಗಿತ್ತು.

ಧ್ರುವ ನಮಗೇಕೆ ಎನ್ನುವವರು ಗೋಡೆಯ ವೇಳಾಪಟ್ಟಿಯನ್ನು ನೋಡಲಿ. ಮಾರ್ಚ್ ಉತ್ತರಾರ್ಧದಲ್ಲಿ ಹೊಸಪೇಟೆಯ ಸೂರ್ಯಾಸ್ತ ಬೆಂಗಳೂರಿಗಿಂತ ಸುಮಾರು ಐದು ನಿಮಿಷ ತಡ. ಜೂನ್‌ನಲ್ಲಿ ಅದು ಒಂಬತ್ತಕ್ಕೆ ಏರುತ್ತದೆ, ಡಿಸೆಂಬರ್‌ನಲ್ಲಿ ಬಹುತೇಕ ಇಲ್ಲವಾಗುತ್ತದೆ. ಐದು ನಿಮಿಷ ರೇಖಾಂಶದ್ದು. ಉಳಿದ ಏರಿಳಿತ ಭೂಮಿಯ ಅಕ್ಷದ ಓರೆಯದು. ಅದೇ ಓರೆ ನಮ್ಮೂರ ಹಗಲನ್ನು ಚಳಿಗಾಲದ ಹನ್ನೊಂದು ಗಂಟೆ ಚಿಲ್ಲರೆಯಿಂದ ಬೇಸಿಗೆಯ ಹದಿಮೂರಕ್ಕೆ ಹಿಗ್ಗಿಸುತ್ತದೆ. ಧ್ರುವದಲ್ಲಿ ಆರು ತಿಂಗಳಿಗೆ ಹಿಗ್ಗಿಸುತ್ತದೆ. ಬೆಂಗಳೂರಿನಲ್ಲಿ ಅಚ್ಚಾದ ಪಟ್ಟಿಯನ್ನು ಕಂಪ್ಲಿಯಲ್ಲೋ ಸಂಡೂರಿನಲ್ಲೋ ತೂಗುಹಾಕಿ, ಸೂರ್ಯ ಮುಳುಗುವ ಮುನ್ನವೇ ಉಪವಾಸ ತೊರೆದರೆ ಹೊಣೆ ಯಾರು? ಎರಡು ನಿಮಿಷಕ್ಕಾಗಿ ಮಸೀದಿ ಮಸೀದಿಗಳ ನಡುವೆ ಜಗಳವಾಡುವ ನಾವು ಈ ಲೆಕ್ಕವನ್ನು ಎಂದಾದರೂ ಕಲಿತಿದ್ದೇವೆಯೇ?

ಬಿಸಿಲು ಹೆಚ್ಚಿದ್ದಲ್ಲೆಲ್ಲ ಸೆಖೆಯೆಂಬ ಭ್ರಮೆಯೂ ನಮ್ಮಲ್ಲಿದೆ. ಮೇ ತಿಂಗಳಲ್ಲಿ ಹಂಪಿಯ ಬಂಡೆಯ ಮೇಲೆ ಬರಿಗಾಲಿಡಲಾಗದು. ಡಿಸೆಂಬರ್‌ನಲ್ಲಿ ದಕ್ಷಿಣ ಧ್ರುವದ ಮೇಲೆ ಬೀಳುವ ದಿನವೊಂದರ ಸೌರಶಕ್ತಿ ಸಮಭಾಜಕಕ್ಕಿಂತಲೂ ಅಧಿಕ. ಆದರೂ ಅಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿಗೂ ಕೆಳಗೆ. ಹಿಮವು ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ಮರಳಿಸುತ್ತದೆ, ನೆಲವೂ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ಅದೇ ಖಂಡದ ವೋಸ್ಟೋಕ್‌ನಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾಯಿತು. ನಮ್ಮ ದೇಶದ ಮೈತ್ರಿ ನೆಲೆ 1989ರಿಂದಲೂ ಆ ಖಂಡದಲ್ಲಿದೆ. ಅಲ್ಲಿಗೆ ಹೋಗುವ ವಿಜ್ಞಾನಿಗಳ ಸಾಲಿನಲ್ಲಿ ನಮ್ಮ ಮಕ್ಕಳನ್ನು ಕಾಣಬೇಕೆಂಬ ಆಸೆಯಾದರೂ ಇದೆಯೇ? ಎಂಟನೆಯ ತರಗತಿ ಮುಗಿಯುತ್ತಲೇ ಹುಡುಗನನ್ನು ಗ್ಯಾರೇಜಿಗೂ ಅದಿರಿನ ಲಾರಿಗೂ ಹತ್ತಿಸಿ, ಹುಡುಗಿಯನ್ನು ಮನೆಯಲ್ಲಿ ಕೂರಿಸುವವರು ಇದಕ್ಕೆ ಉತ್ತರಿಸಲಿ.

ಭೂಗೋಳ ಲೌಕಿಕ ವಿದ್ಯೆ ಎನ್ನುವ ನೆಪವೂ ನಿಲ್ಲದು. ಖಗೋಳದ 'ಶರಹ್ ಚಗ್‌ಮೀನಿ' ದರ್ಸೆ ನಿಝಾಮಿಯ ಪಠ್ಯವೇ ಆಗಿತ್ತು. ಅದನ್ನು ಕಪಾಟಿಗೆ ಸೇರಿಸಿದವರು ನಾವು, ಮದ್ರಸಾದಲ್ಲಿ ಕಲಿತವರು.

ಜಮಾಅತ್‌ನ ಮುಂದಿನ ಸಭೆಯಲ್ಲಿ ದೀಪಾಲಂಕಾರದ ಲೆಕ್ಕ ಮಂಡನೆಯಾಗುವಾಗ, ಮದ್ರಸಾಕ್ಕೊಂದು ಗ್ಲೋಬ್ ತರಲು ಎಷ್ಟಾಗುತ್ತದೆಂದು ಯಾರಾದರೂ ಎದ್ದು ಕೇಳಲಿ.