ಬೆಂಕಿ ಬಲ್ಲವರಿಗೆ ಕಾಡಿನ ಸಭೆಯಲ್ಲಿ ಮಣೆ ಹಾಕಿ

ಆಗಸ್ಟ್ 9 ವಿಶ್ವ ಮೂಲನಿವಾಸಿಗಳ ದಿನ. ಈ ಹೊತ್ತಿನಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಬೆಟ್ಟದ ಸೋಲಿಗರ ಬಗ್ಗೆ ಒಂದು ಮಾತು ಹೇಳಬೇಕಿದೆ. ಅವರಿಗೆ ಕಾಡಿನ ಮೇಲಿನ ಹಕ್ಕುಪತ್ರ ಸಿಕ್ಕಿದೆ. ಕಾಡನ್ನು ನೋಡಿಕೊಳ್ಳುವ ಅಧಿಕಾರ ಮಾತ್ರ ಇನ್ನೂ ಪೂರ್ತಿಯಾಗಿ ಕೈಗೆ ಬಂದಿಲ್ಲ.

ರಂಗಸ್ವಾಮಿ ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದನೆಂದು ಸೋಲಿಗರು ನಂಬುತ್ತಾರೆ. ಹಾಗಾಗಿ ಬೆಟ್ಟದ ದೇವರು ಅವರಿಗೆ ಭಾವ. ಭಾರ್ಗವಿ ನದಿಯ ದಂಡೆಯ ದೊಡ್ಡ ಸಂಪಿಗೆ ಮರಕ್ಕೂ ಅವರ ಪೂಜೆ ಸಲ್ಲುತ್ತದೆ. ಕಾಡಿನೊಳಗೆ ಒಂದೊಂದು ಕುಲಕ್ಕೂ ತನ್ನದೇ ಎಲ್ಲೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು. ಹೆಜ್ಜೇನು ಕೊಯ್ಯುವವರು ತಟ್ಟಿಯ ಒಂದಿಷ್ಟು ಭಾಗವನ್ನು ಹುಳುಗಳಿಗೇ ಬಿಟ್ಟು ಬರುತ್ತಾರೆ. ಕಾಡಿನ ಲೆಕ್ಕವನ್ನು ಇವರು ಕಾಗದದಲ್ಲಿ ಬರೆದಿಟ್ಟವರಲ್ಲ, ನಡವಳಿಕೆಯಲ್ಲಿ ಉಳಿಸಿಕೊಂಡವರು.

1974ರಲ್ಲಿ ಈ ಕಾಡು ವನ್ಯಧಾಮವಾಯಿತು. ಒಳಗಾಡಿನ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಜನರನ್ನು ರಸ್ತೆಯ ಬದಿಗೂ ಕಾಡಂಚಿಗೂ ತಂದು ಕೂರಿಸಲಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು. ಅವುಗಳ ಜೊತೆಗೆ ‘ತರಗು ಬೆಂಕಿ’ಯೂ ನಿಂತಿತು.

ಈ ತರಗು ಬೆಂಕಿಯನ್ನು ಕಾಡ್ಗಿಚ್ಚಿನ ಜೊತೆ ಸೇರಿಸಿ ನೋಡುವುದು ತಪ್ಪು. ಬೇಸಿಗೆ ಬಲಿಯುವ ಮೊದಲೇ, ಜನವರಿ–ಫೆಬ್ರವರಿಯ ಹೊತ್ತಿಗೆ, ನೆಲದಲ್ಲಿ ಇನ್ನೂ ತಂಪಿರುವಾಗ ಸೋಲಿಗರು ಉದುರಿದ ಎಲೆಗೆ ಕಿಡಿ ತಾಕಿಸುತ್ತಿದ್ದರು. ಜ್ವಾಲೆ ಮೊಣಕಾಲೆತ್ತರ ಮೀರದೆ ತರಗನ್ನು ತಿನ್ನುತ್ತ ಸಾಗಿ, ತಂಪು ಜಾಗ ಸಿಕ್ಕಲ್ಲಿ ತಾನಾಗಿ ಆರುತ್ತಿತ್ತು. ದೊಡ್ಡ ಮರಗಳಿಗೆ ಅಪಾಯವಿರಲಿಲ್ಲ. ಮಳೆ ಬಿದ್ದಾಗ ಜಿಂಕೆ, ಕಾಟಿಗಳಿಗೆ ಎಳೆಹುಲ್ಲು ಚಿಗುರುತ್ತಿತ್ತು. ನೆಲ್ಲಿಮರಗಳನ್ನು ಹೀರುವ ‘ಉಪ್ಪಿಲು’ ಎಂಬ ಬದನಿಕೆಯೂ ಈ ಬೆಂಕಿಯಿಂದ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಹಿರಿಯ ಸೋಲಿಗರು. ಲಂಟಾನ ಎಂಬ ಪೊದೆಗಿಡದ ಸಸಿಗಳು ಬಲಿಯುವ ಮುನ್ನವೇ ಸುಟ್ಟುಹೋಗುತ್ತಿದ್ದವು ಎಂಬುದೂ ಅವರ ಅನುಭವ.

ಬೆಂಕಿ ನಿಂತ ಮೇಲೆ ಏನಾಯಿತೆಂಬುದನ್ನು ವಿಜ್ಞಾನಿಗಳು ಅಳೆದಿದ್ದಾರೆ. 1997ರಲ್ಲಿ ಸಮೀಕ್ಷೆಯ ತಾಕುಗಳ ಪೈಕಿ ಶೇ. 41ರಲ್ಲಿ ಲಂಟಾನವಿತ್ತು. 2008ರ ಹೊತ್ತಿಗೆ ಅದು ಶೇ. 81ಕ್ಕೆ ಮುಟ್ಟಿತ್ತು. ಪೊದೆ ದಟ್ಟವಾದಲ್ಲಿ ಹುಲ್ಲು ಬೆಳೆಯದು, ಮರದ ಸಸಿ ಏಳದು. ಬೇಸಿಗೆಯ ತುದಿಯಲ್ಲಿ ಕಾಡು ಹೊತ್ತಿಕೊಂಡರೆ ಅದೇ ಪೊದೆ ಹಿಡಿದು ಬೆಂಕಿ ಮರದ ನೆತ್ತಿಗೆ ಏರುತ್ತದೆ. ಲಂಟಾನ ಹಬ್ಬಿದ್ದಕ್ಕೆ ಬೆಂಕಿ ನಿಂತದ್ದೊಂದೇ ಕಾರಣವಲ್ಲದಿರಬಹುದು. ಆದರೆ ಸೋಲಿಗರು ಕೊಟ್ಟ ಕಾರಣವನ್ನು ಸಂಶೋಧಕರೂ ಗಂಭೀರವಾಗಿ ಪರಿಗಣಿಸಿದ್ದಾರೆ, ಅದರ ಬಗ್ಗೆ ಬರೆದಿದ್ದಾರೆ.

2006ರಲ್ಲಿ ಇಲ್ಲಿ ಜೇನು, ನೆಲ್ಲಿ, ಪಾಚಿ ಸಂಗ್ರಹಕ್ಕೂ ತಡೆ ಬಿತ್ತು. ಅದೇ ವರ್ಷದ ಕೊನೆಗೆ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೇಶದಲ್ಲಿ ದೊರೆತದ್ದು ಅದೇ ಮೊದಲು. ಜೇನು ಕೊಯ್ಯುವುದಷ್ಟೇ ಈ ಕಾಯ್ದೆ ಕೊಡುವ ಹಕ್ಕಲ್ಲ. ಕಾಡನ್ನು ರಕ್ಷಿಸುವ, ಮರುಹುಟ್ಟಿಸುವ, ನಿರ್ವಹಿಸುವ ಹಕ್ಕನ್ನೂ ಅದು ಸ್ಪಷ್ಟವಾಗಿ ಕೊಡುತ್ತದೆ. ಆಚರಣೆಗೆ ಬರಬೇಕಾದದ್ದು ಈ ಎರಡನೆಯ ಭಾಗ.

ಇದು ಆಗದ ಮಾತಲ್ಲ ಎಂಬುದಕ್ಕೆ ಆಸ್ಟ್ರೇಲಿಯ ಸಾಕ್ಷಿ. 1998ರಲ್ಲಿ ಫ್ಲಿಂಡರ್ಸ್ ಬೆಟ್ಟಸಾಲಿನ ನಾಂಟವರಿನಾ ಅಲ್ಲಿನ ಮೊದಲ ಮೂಲನಿವಾಸಿ ಸಂರಕ್ಷಿತ ಪ್ರದೇಶವಾಯಿತು. ಇಂದು ಆ ದೇಶದ ಸಂರಕ್ಷಿತ ನೆಲದಲ್ಲಿ ಸುಮಾರು ಅರ್ಧದಷ್ಟು ಇಂಥ ಪ್ರದೇಶಗಳದ್ದು. ಈಶಾನ್ಯ ಆರ್ನೆಮ್ ಲ್ಯಾಂಡಿನ ಧಿಮುರ್ರುವಿನಲ್ಲಿ ಯೋಲ್ಙು ಜನ ನೆಲದ ಜೊತೆ ಕಡಲನ್ನೂ ಕಾಯುತ್ತಾರೆ. ಮೀನುಗಾರರು ಕಳೆದುಕೊಂಡ ಬಲೆಗಳನ್ನು ಕರಾವಳಿಯಿಂದ ಎತ್ತಿ ಆಮೆಗಳನ್ನು ಉಳಿಸುತ್ತಾರೆ. ಪಶ್ಚಿಮ ಆರ್ನೆಮ್ ಲ್ಯಾಂಡಿನಲ್ಲಿ 2006ರಿಂದ ಮೂಲನಿವಾಸಿ ಕಾವಲುಗಾರರು ಒಣಹಂಗಾಮಿನ ಆರಂಭದಲ್ಲೇ ಸಣ್ಣ ಬೆಂಕಿ ಹಾಕಿ, ಮುಂದಿನ ದೊಡ್ಡ ಬೆಂಕಿಯನ್ನು ತಡೆಯುತ್ತಿದ್ದಾರೆ. ಆ ಕೆಲಸಕ್ಕೆ ಸಂಬಳವಿದೆ. ಉಳಿಸಿದ ಇಂಗಾಲಕ್ಕೂ ಅವರಿಗೆ ಹಣ ಬರುತ್ತದೆ. ತರಗು ಬೆಂಕಿಯ ತರ್ಕವೂ ಇದೇ.

ಹಾಗೆಂದು ನಾಳೆಯೇ ಕಾಡಿಗೆ ಕಿಡಿ ಇಡಿ ಎಂದು ಯಾರೂ ಹೇಳುತ್ತಿಲ್ಲ. ಲಂಟಾನ ಇಷ್ಟು ದಟ್ಟವಾಗಿರುವಲ್ಲಿ ಹಳೆಯ ಬೆಂಕಿಯೂ ಹಳೆಯ ಬೆಂಕಿಯಾಗಿ ಉಳಿಯದು. ಮೊದಲು ಪೊದೆ ಬೇರುಸಹಿತ ತೆಗೆಯಬೇಕು. ಆಮೇಲೆ ಆಯ್ದ ತಾಕುಗಳಲ್ಲಿ, ಆಯ್ದ ದಿನಗಳಲ್ಲಿ, ಹಿರಿಯ ಸೋಲಿಗರ ಮಾರ್ಗದರ್ಶನದಲ್ಲಿ ಪ್ರಯೋಗ ನಡೆಯಬೇಕು. ಎಲ್ಲಿ, ಯಾವಾಗ, ಎಷ್ಟು ಎಂಬುದನ್ನು ಅರಣ್ಯ ಇಲಾಖೆ, ವಿಜ್ಞಾನಿಗಳು, ಗ್ರಾಮಸಭೆ ಒಟ್ಟಿಗೆ ಕುಳಿತು ತೀರ್ಮಾನಿಸಬೇಕು. ಬೆಂಕಿ ಕಾವಲಿಗೆ ದಿನಗೂಲಿಗೆ ಬರುವ ಸೋಲಿಗ ಯುವಕ, ಆ ಕಾವಲಿನ ಯೋಜನೆ ಬರೆಯುವ ಮೇಜಿನಲ್ಲೂ ಕೂರಬೇಕು.

ರಾಜ್ಯ ಸರ್ಕಾರ ಮಾಡಬೇಕಾದದ್ದು ಇಷ್ಟೆ: ಹುಲಿ ಸಂರಕ್ಷಣಾ ಯೋಜನೆಯ ಮುಂದಿನ ಪರಿಷ್ಕರಣೆ ಪೋಡುಗಳ ಗ್ರಾಮಸಭೆಗಳಲ್ಲಿ ಚರ್ಚೆಯಾಗಿ, ಅವುಗಳ ಒಪ್ಪಿಗೆ ಪಡೆದು ಜಾರಿಗೆ ಬರಲಿ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 2006ರ ಕಾಯ್ದೆಯೇ ಸಾಕು.