ಚಪ್ಪಲಿ ಕಚ್ಚುವ ಮೊದಲು

ಬೇಸಿಗೆಯ ಮದುವೆಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಹಾಲ್‌ನ ಮೂಲೆಯ ಕುರ್ಚಿಯಲ್ಲಿ ಕುಳಿತ ಹೆಂಗಸರು ಹೊಸ ಚಪ್ಪಲಿಯನ್ನು ಮೆಲ್ಲನೆ ಕಳಚಿ, ಬುರ್ಖಾದ ಅಂಚಿನಡಿ ಪಾದವನ್ನು ಮರೆಸಿಕೊಂಡು ಹಿಮ್ಮಡಿ ಸವರಿಕೊಳ್ಳುತ್ತಿರುತ್ತಾರೆ. ವಿಚಾರಿಸಿದರೆ "ಏನಿಲ್ಲ, ಚಪ್ಪಲಿ ಸ್ವಲ್ಪ ಕಚ್ಚುತ್ತಿದೆ" ಎಂಬ ಉತ್ತರ. ಮಗುವಿನ ಕಾಲಿಗೆ ಮುಳ್ಳು ಚುಚ್ಚಿದರೆ ಓಡಿ ಬರುವ ತಾಯಿ, ತನ್ನ ಕಾಲಿನ ಗುಳ್ಳೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮದುವೆಯ ಮನೆಯಲ್ಲಾದರೆ ಚಪ್ಪಲಿ ಕಳಚಿ ಕೂರಬಹುದು. ಉಮ್ರಾಕ್ಕೆ ಹೋದವರು, ಹಜ್ಜಿಗೆ ಹೋದವರು ಹಾಗೆ ಕೂರುವಂತಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರಂತೂ ಇದು ಸಣ್ಣ ವಿಷಯವೇ ಅಲ್ಲ.

ಚಪ್ಪಲಿ ಕಚ್ಚುವುದಕ್ಕೆ ಅದು ಗಟ್ಟಿಯಾಗಿರುವುದೇ ಕಾರಣ ಎಂದು ನಾವು ತಿಳಿದಿರುತ್ತೇವೆ. ಅದು ಅರ್ಧ ಸತ್ಯ. ನಡೆಯುವಾಗ ಚಪ್ಪಲಿಯ ಪಟ್ಟಿ ಚರ್ಮವನ್ನು ಒಂದು ಕಡೆ ಹಿಡಿದಿಡುತ್ತದೆ, ಒಳಗಿನ ಎಲುಬು ಇನ್ನೊಂದು ಕಡೆ ಸರಿಯುತ್ತದೆ. ಸಾವಿರ ಹೆಜ್ಜೆ ಹೀಗೆ ಜಗ್ಗಾಡಿದರೆ ಚರ್ಮದ ಮೇಲಿನ ಪದರಗಳು ಒಳಗೊಳಗೇ ಬಿಟ್ಟುಕೊಂಡು ಆ ಎಡೆಯಲ್ಲಿ ನೀರು ತುಂಬುತ್ತದೆ. ಅದೇ ಗುಳ್ಳೆ. ಒಣಗಿದ ಚರ್ಮದ ಮೇಲೆ ಪಟ್ಟಿ ಜಾರುತ್ತದೆ, ಬೆವರಿದ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಚಳಿಗಾಲದಲ್ಲಿ ತೊಂದರೆ ಕೊಡದ ಅದೇ ಚಪ್ಪಲಿ ಏಪ್ರಿಲ್‌ನಲ್ಲಿ ಕಚ್ಚುವುದು ಇದೇ ಕಾರಣಕ್ಕೆ. ಸಾಲದ್ದಕ್ಕೆ ಸೆಕೆಗೆ ಪಾದ ಊದಿಕೊಳ್ಳುತ್ತದೆ. ಬೆಳಗ್ಗೆ ಸಡಿಲವಾಗಿದ್ದ ಚಪ್ಪಲಿ ಸಂಜೆಗೆ ಬಿಗಿಯಾಗುತ್ತದೆ.

ಇಲ್ಲಿ ನಮ್ಮದೇ ಆದ ಒಂದು ವಿಷಯವಿದೆ. ದಿನಕ್ಕೆ ಹಲವು ಸಲ ವುಝೂ ಮಾಡುವ ನಾವು ಒದ್ದೆ ಪಾದವನ್ನು ಹಾಗೆಯೇ ಚಪ್ಪಲಿಗೆ ತೂರಿಸಿ ಹೊರಟುಬಿಡುತ್ತೇವೆ. ರೆಕ್ಸಿನ್ ಅಥವಾ ಪ್ಲಾಸ್ಟಿಕ್ ಚಪ್ಪಲಿಯಾದರೆ ಆ ನೀರಿಗೆ ಹೋಗಲು ದಾರಿಯೇ ಇಲ್ಲ. ವುಝೂವಿನ ನೀರನ್ನು ಒರೆಸಲೇಬಾರದೆಂದು ಕೆಲವರು ಭಾವಿಸಿದ್ದಾರೆ. ಅಗತ್ಯವಿದ್ದಾಗ ಒರೆಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲವೆಂದು ವಿದ್ವಾಂಸರು ತಿಳಿಸಿದ್ದಾರೆ. ಕಾಲ್ಬೆರಳುಗಳ ಸಂದಿಗೆ ನೀರು ತಲುಪಿಸುವುದನ್ನು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಅಲ್ಲಿಂದ ನೀರನ್ನು ತೆಗೆಯುವುದನ್ನು ಯಾರೂ ಕಲಿಸಿಲ್ಲ. ಬ್ಯಾಗಿನಲ್ಲಿ ಹಳೆಯ ಮೆತ್ತನೆಯ ದುಪಟ್ಟಾದ ಒಂದು ತುಂಡು ಇದ್ದರೆ ಸಾಕು. ಬೆರಳ ಸಂದಿ, ಹಿಮ್ಮಡಿ, ಪಾದದ ಮೇಲ್ಭಾಗ ಒರೆಸಿಕೊಂಡು ಚಪ್ಪಲಿ ಹಾಕಿ. ಅರ್ಧ ನಿಮಿಷದ ಕೆಲಸ. ಬೆರಳ ಸಂದಿಯ ತುರಿಕೆ, ಬಿಳಿ ಹುಣ್ಣಿನಿಂದಲೂ ಇದು ಕಾಪಾಡುತ್ತದೆ.

ಇನ್ನು ಖರೀದಿಯ ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರ ಚಪ್ಪಲಿ ತರುವುದು ಗಂಡ ಅಥವಾ ಮಗ. "ಆರು ನಂಬರ್ ತನ್ನಿ" ಎಂದು ಹೇಳಿ ಕಳುಹಿಸುತ್ತೇವೆ. ಆ ಆರು ನಂಬರ್ ಮದುವೆಯಾದಾಗಿನದ್ದು! ಮೂರು ಹೆರಿಗೆಯ ನಂತರ, ಇಪ್ಪತ್ತು ವರ್ಷಗಳ ನಂತರ ಪಾದ ಅಗಲವಾಗಿರುತ್ತದೆ, ಉದ್ದವೂ ಆಗಿರಬಹುದು. ಒಂದು ಕಂಪೆನಿಯ ಆರಕ್ಕೂ ಇನ್ನೊಂದು ಕಂಪೆನಿಯ ಆರಕ್ಕೂ ಹೊಂದಿಕೆಯೂ ಇರುವುದಿಲ್ಲ. ಅಂಗಡಿಗೆ ನೀವೇ ಹೋಗುವುದು ಉತ್ತಮ. ಸಂಜೆ ಹೋಗಿ, ಪಾದ ಊದಿರುವ ಹೊತ್ತಿನಲ್ಲಿ. ಎರಡೂ ಕಾಲಿಗೆ ಹಾಕಿ ನೋಡಿ. ಹೆಚ್ಚಿನವರಿಗೆ ಒಂದು ಪಾದ ತುಸು ದೊಡ್ಡದಿರುತ್ತದೆ, ದೊಡ್ಡದರ ಅಳತೆಯೇ ಲೆಕ್ಕ. ಹಾಕಿಕೊಂಡು ಅಂಗಡಿಯೊಳಗೆ ನಾಲ್ಕು ಸುತ್ತು ನಡೆಯಿರಿ. ಅಂಗಡಿಯವನು "ಹಾಕಿ ಹಾಕಿ ಸರಿಯಾಗುತ್ತದೆ" ಎಂದರೆ ನಂಬಬೇಡಿ. ಪಟ್ಟಿ ಅಲ್ಪಸ್ವಲ್ಪ ಮೆತ್ತಗಾದೀತು, ಅಟ್ಟೆ ಅಗಲವಾಗುವುದಿಲ್ಲ.

ಹೋಗಲು ಸಾಧ್ಯವಿಲ್ಲದಿದ್ದರೆ ಹೀಗೆ ಮಾಡಿ. ಸಂಜೆ ಹಾಳೆಯ ಮೇಲೆ ಎರಡೂ ಪಾದ ಊರಿ ನೇರವಾಗಿ ನಿಲ್ಲಿ. ಮಗಳಿಗೆ ಹೇಳಿ ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆಸಿ. ಕುಳಿತು ಎಳೆಸಿದರೆ ಅಳತೆ ತಪ್ಪುತ್ತದೆ, ಏಕೆಂದರೆ ಮೈಭಾರ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ. ಆ ಹಾಳೆಯ ಮೇಲೆ ಚಪ್ಪಲಿಯನ್ನು ಇಟ್ಟಾಗ ಗೆರೆ ಎಲ್ಲೂ ಹೊರಗೆ ಇಣುಕಬಾರದು. ಬೆರಳ ಕಡೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು.

ಬೇಸಿಗೆಗೆಂದು ಕೊಳ್ಳುವಾಗ ಪಟ್ಟಿಯ ಒಳಭಾಗವನ್ನು ಬೆರಳಿನಿಂದ ಸವರಿ ನೋಡಿ. ಹೊರಗೆ ಮಣಿ, ಕಲ್ಲು ಎಷ್ಟು ಚಂದವಿದ್ದರೂ ಒಳಗೆ ಹೊಲಿಗೆಯ ಗಂಟು, ಅಂಟಿನ ಉಬ್ಬು ಇದ್ದರೆ ಅದು ಕಾಲಿಗೆ ತಾಗಿಯೇ ತಾಗುತ್ತದೆ. ಅಗಲ ಪಟ್ಟಿ ಭಾರವನ್ನು ಹಂಚಿಕೊಳ್ಳುತ್ತದೆ, ದಾರದಂಥ ಪಟ್ಟಿ ಕೊಯ್ಯುತ್ತದೆ. ಹಿಂದೆ ಪಟ್ಟಿಯೇ ಇಲ್ಲದ ಚಪ್ಪಲಿ ಕಚ್ಚುವುದಿಲ್ಲವೆಂದು ಕೆಲವರು ಅದನ್ನೇ ಹಾಕುತ್ತಾರೆ. ಅದು ಜಾರದಂತೆ ಬೆರಳುಗಳು ಮಡಚಿ ಹಿಡಿಯಬೇಕಾಗುತ್ತದೆ. ಹೆಚ್ಚು ದೂರ ನಡೆಯಲು ಅದು ಒಳ್ಳೆಯದಲ್ಲ.

ಕೊಲ್ಲಾಪುರಿ ಚಪ್ಪಲಿಯ ಬಗ್ಗೆಯೂ ಹೇಳಬೇಕು. ಹೆಸರು ಕೊಲ್ಲಾಪುರದ್ದಾದರೂ ನಮ್ಮ ಅಥಣಿ, ನಿಪ್ಪಾಣಿಯ ಕಡೆಯೂ ಅದನ್ನು ತಯಾರಿಸುತ್ತಾರೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಹೆಸರೂ ಸೇರಿತು. ತೊಗಲಿನದ್ದಾದ್ದರಿಂದ ಬೇಸಿಗೆಗೆ ಹಿತ, ಆದರೆ ಹೊಸದರಲ್ಲಿ ಬಲು ಗಟ್ಟಿ. ಬಾರಿನ ಒಳಭಾಗಕ್ಕೆ ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ತೆಳ್ಳಗೆ ಹಚ್ಚಿ ರಾತ್ರಿಯಿಡೀ ಬಿಟ್ಟು, ಮರುದಿನ ಒರೆಸಿ ಮನೆಯೊಳಗೆ ಹಾಕಿ ನಡೆದರೆ ಕೆಲವೇ ದಿನಗಳಲ್ಲಿ ಮೆದುವಾಗುತ್ತದೆ. ಒದ್ದೆ ಕಾಲಿಗೆ ಮಾತ್ರ ಅದನ್ನು ಹಾಕಬೇಡಿ, ತೊಗಲು ಕೆಡುತ್ತದೆ.

ಯಾವ ಚಪ್ಪಲಿಯೇ ಆಗಲಿ, ಮೊದಲ ದಿನವೇ ದೂರದ ಪ್ರಯಾಣಕ್ಕೆ ಹಾಕಬಾರದು. ಮನೆಯೊಳಗೆ ದಿನಕ್ಕೆ ಅರ್ಧ ಗಂಟೆ, ಆಮೇಲೆ ಪೇಟೆಗೆ, ಆಮೇಲೆ ಪ್ರಯಾಣಕ್ಕೆ. ಕೆಂಪಾದ ಜಾಗ ಕಂಡರೆ ಗುಳ್ಳೆ ಬರಲಿರುವ ಜಾಗ ಅದೇ ಎಂದು ತಿಳಿಯಿರಿ. ಎರಡು ವಾರವಾದರೂ ಅದೇ ಜಾಗ ಕೆಂಪಾಗುತ್ತಿದ್ದರೆ ಆ ಚಪ್ಪಲಿ ನಿಮ್ಮದಲ್ಲ. ನಮಗೆ ಕಚ್ಚಿದ ಚಪ್ಪಲಿಯನ್ನು ಮನೆಗೆಲಸದವಳಿಗೆ ದಾನ ಮಾಡುವ ರೂಢಿಯೊಂದಿದೆ. ಅವಳ ಕಾಲೂ ಕಾಲೇ ಅಲ್ಲವೇ? ಅವಳಿಗೆ ಹಾಕಿಸಿ, ನಡೆಸಿ ನೋಡಿ ಕೊಡಿ.

ಈಗ ಪವಿತ್ರ ಯಾತ್ರೆಯ ವಿಷಯಕ್ಕೆ ಬರೋಣ. ಸಫಾ ಮರ್ವಾಗಳ ನಡುವಿನ ಏಳು ನಡಿಗೆಗಳೇ ಸುಮಾರು 3 ಕಿಲೋಮೀಟರ್. ತವಾಫ್, ಹೋಟೆಲಿನಿಂದ ಹರಮ್‌ಗೆ ಹೋಗಿ ಬರುವುದು ಬೇರೆ. ಊರಲ್ಲಿ ಅಡುಗೆಮನೆಯಿಂದ ಅಂಗಳಕ್ಕೆ ನಡೆದು ಅಭ್ಯಾಸವಿರುವವರು ಅಲ್ಲಿ ಒಂದೇ ದಿನ ಎಂಟು ಹತ್ತು ಕಿಲೋಮೀಟರ್ ನಡೆಯಬೇಕಾಗಬಹುದು. 2024ರ ಹಜ್ ವೇಳೆ ಮಸ್ಜಿದುಲ್ ಹರಾಮ್‌ನಲ್ಲಿ ಉಷ್ಣಾಂಶ 51.8 ಡಿಗ್ರಿ ಸೆಲ್ಸಿಯಸ್ ತಲುಪಿತ್ತು. ಹಜ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಕ್ರಮೇಣ ಬಿರುಬೇಸಿಗೆಯಿಂದ ಆಚೆಗೆ ಹೋಗುತ್ತದೆ. ಆದರೂ ನಡಿಗೆ ತಪ್ಪುವುದಿಲ್ಲ. ಹೊರಡುವ ಒಂದು ತಿಂಗಳ ಮೊದಲೇ ದಿನವೂ ಫಜ್ರ್ ನಂತರ ಅದೇ ಚಪ್ಪಲಿ ಹಾಕಿ ನಡೆಯುವುದನ್ನು ರೂಢಿಸಿಕೊಳ್ಳಿ. ಬೀಳ್ಕೊಡಲು ಬಂದವರು ಪ್ರೀತಿಯಿಂದ ಕೊಟ್ಟ ಹೊಸ ಚಪ್ಪಲಿ ಪೆಟ್ಟಿಗೆಯಲ್ಲೇ ಇರಲಿ.

ಇಹ್ರಾಮ್‌ನಲ್ಲಿ ಸ್ತ್ರೀಯರಿಗೆ ಪಾದರಕ್ಷೆಯ ವಿಷಯದಲ್ಲಿ ಪುರುಷರಿಗಿರುವಂಥ ನಿರ್ಬಂಧವಿಲ್ಲ. ಶೂ ಹಾಕಬಹುದು, ಸಾಕ್ಸ್ ಹಾಕಬಹುದು. ಈ ರಿಯಾಯಿತಿಯನ್ನು ಬಳಸಿಕೊಳ್ಳಿ. ಮೆತ್ತನೆಯ ಸಾಕ್ಸ್ ತವಾಫ್‌ನ ವೇಳೆ ಅಂಗಾಲನ್ನು ಕಾಪಾಡುತ್ತದೆ. ಮೂರು ನಾಲ್ಕು ಜೊತೆ ಒಯ್ಯಿರಿ, ಬೆವರಿದ ಕೂಡಲೇ ಬದಲಿಸಿ. ಆದರೆ ಇಹ್ರಾಮ್‌ನಲ್ಲಿ ಸುಗಂಧ ನಿಷಿದ್ಧ ಎಂಬುದು ನೆನಪಿರಲಿ. ಮುಖಕ್ಕೆ ಹಾಕುವ ಘಮಘಮಿಸುವ ಪೌಡರನ್ನು ಕಾಲಿಗೆ ಉದುರಿಸಿಕೊಳ್ಳುವುದು, ಸುವಾಸನೆಯ ಕ್ರೀಮ್ ಹಚ್ಚುವುದು ಆಗದು. ಪರಿಮಳವಿಲ್ಲದ ವ್ಯಾಸಲಿನ್ ಕೊಳ್ಳಿ. ಉಗುರನ್ನು ಇಹ್ರಾಮ್‌ಗೆ ಮೊದಲೇ ನೇರವಾಗಿ ಕತ್ತರಿಸಿಕೊಳ್ಳಿ, ಆಮೇಲೆ ಕತ್ತರಿಸುವಂತಿಲ್ಲ.

ಔಷಧಿ ಅಂಗಡಿಯಲ್ಲಿ ಸಿಗುವ ಕಾಗದದ ಟೇಪ್, ಅಂದರೆ ಮೈಕ್ರೋಪೋರ್ ಟೇಪ್, ಗುಳ್ಳೆ ತಡೆಯಲು ಬಹಳ ಉಪಯುಕ್ತ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 128 ಮಂದಿ ದೂರ ಓಟಗಾರರ ಮೇಲೆ ಇದನ್ನು ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಟೇಪ್ ಹಚ್ಚಿದ ಪಾದಗಳಲ್ಲಿ ಗುಳ್ಳೆ ಶೇ. 40ರಷ್ಟು ಕಡಿಮೆಯಾಗಿತ್ತು. ನಾವು ಬಳಸುವಾಗ ಒಂದು ಎಚ್ಚರಿಕೆ ಬೇಕು. ಗಾಯವಿಲ್ಲದ ಚರ್ಮದ ಮೇಲೆ ಟೇಪ್ ಇದ್ದರೆ ವುಝೂವಿನ ನೀರು ಅಲ್ಲಿಗೆ ತಲುಪುವುದಿಲ್ಲ. ಆದ್ದರಿಂದ ಮೊದಲು ವುಝೂ, ಆಮೇಲೆ ಒರೆಸುವುದು, ಆಮೇಲೆ ಟೇಪ್. ವುಝೂ ಮುರಿದರೆ ಟೇಪ್ ತೆಗೆದು ಮತ್ತೆ ವುಝೂ ಮಾಡಬೇಕು. ಕೀಳುವಾಗ ನೀರಲ್ಲಿ ನೆನೆಸಿ ಮೆಲ್ಲಗೆ ತೆಗೆಯಿರಿ. ದಪ್ಪವಾಗಿ ಮೆತ್ತಿದ ವ್ಯಾಸಲಿನನ್ನೂ ಹಾಗೆಯೇ ವುಝೂವಿಗೆ ಮೊದಲು ಒರೆಸಿ ತೆಗೆಯಬೇಕು.

ಚಪ್ಪಲಿಯನ್ನು ಹರಮ್‌ನ ಬಾಗಿಲ ಬಳಿ ಬಿಟ್ಟು ಒಳಗೆ ಹೋದರೆ ಮರಳಿ ಬರುವಾಗ ಅದು ಸಿಗದಿರಬಹುದು, ನೀವೇ ಬೇರೆ ಬಾಗಿಲಿನಿಂದ ಹೊರಬರಬಹುದು. ಮತಾಫ್‌ನ ಬಿಳಿ ಅಮೃತಶಿಲೆ ತಂಪಾಗಿರುತ್ತದೆಂದು ರಸ್ತೆಯೂ ಹಾಗೆಯೇ ಇರುತ್ತದೆಂದು ತಿಳಿಯಬಾರದು. ಮಧ್ಯಾಹ್ನದ ಡಾಂಬರಿನ ಮೇಲೆ ಕೆಲವೇ ಹೆಜ್ಜೆಗೆ ಅಂಗಾಲು ಸುಟ್ಟು ಗುಳ್ಳೆ ಏಳುತ್ತದೆ. ಹೆಗಲಿಗೆ ಹಾಕುವ ಸಣ್ಣ ಬಟ್ಟೆ ಚೀಲ ಹೊಲಿದುಕೊಂಡು ಚಪ್ಪಲಿಯನ್ನು ಜೊತೆಯಲ್ಲೇ ಇಟ್ಟುಕೊಳ್ಳಿ.

ಇಷ್ಟಾಗಿಯೂ ಗುಳ್ಳೆ ಎದ್ದರೆ? ಸೂಜಿ ಹುಡುಕಬೇಡಿ. ಗುಳ್ಳೆಯ ಮೇಲಿನ ಚರ್ಮವೇ ಅದಕ್ಕೆ ಒಳ್ಳೆಯ ಪಟ್ಟಿ. ತೊಳೆದು, ಒಣಗಿಸಿ, ಮೆತ್ತಗೆ ಮುಚ್ಚಿ, ಆ ಚಪ್ಪಲಿಗೆ ರಜೆ ಕೊಡಿ. ತಾನಾಗಿ ಒಡೆದರೆ ಸಾಬೂನು ನೀರಿನಿಂದ ತೊಳೆದು, ಸಡಿಲ ಚರ್ಮವನ್ನು ಕೀಳದೆ, ವ್ಯಾಸಲಿನ್ ಹಚ್ಚಿ ಶುಭ್ರ ಪಟ್ಟಿ ಕಟ್ಟಿ. ಟೂತ್‌ಪೇಸ್ಟ್, ಬೂದಿ, ಕಾಫಿ ಪುಡಿ ಯಾವುದೂ ಬೇಡ. ಸುತ್ತ ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ವೈದ್ಯರ ಬಳಿ ಹೋಗಿ. ನೀರು ತಾಗಬಾರದ ಗಾಯಕ್ಕೆ ಪಟ್ಟಿ ಕಟ್ಟಿದ್ದರೆ ವುಝೂವಿನಲ್ಲಿ ಅದರ ಮೇಲೆ ಒದ್ದೆ ಕೈಯಿಂದ ಸವರಲು ಅವಕಾಶವಿದೆ. ಶಾಫಿಈ ಮದ್ಹಬ್‌ನಲ್ಲಿ ಇದರೊಂದಿಗೆ ತಯಮ್ಮುಮ್ ಕೂಡ ಇದೆ. ವಿವರವನ್ನು ಉಸ್ತಾದರಿಂದ ಮೊದಲೇ ಕೇಳಿ ತಿಳಿದುಕೊಂಡರೆ ಗಾಯಕ್ಕೆ ನೀರು ಸುರಿದು ನರಳುವುದು ತಪ್ಪುತ್ತದೆ.

ಕೊನೆಗೆ ಸಕ್ಕರೆ ಕಾಯಿಲೆಯವರು. ನಮ್ಮ ದೇಶದಲ್ಲಿ ಅವರ ಸಂಖ್ಯೆ 10 ಕೋಟಿಗೂ ಹೆಚ್ಚು ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜಿಸಿದೆ. ನಮ್ಮ ಮನೆಗಳಲ್ಲಿ ಒಬ್ಬರಾದರೂ ಇರುತ್ತಾರೆ. ವರ್ಷಗಳು ಕಳೆದಂತೆ ಈ ಕಾಯಿಲೆ ಪಾದದ ನರಗಳನ್ನು ಮಂಕಾಗಿಸುತ್ತದೆ. ಇತರರಿಗೆ ಚಪ್ಪಲಿ ಕಚ್ಚಿದರೆ ನೋವಾಗುತ್ತದೆ, ಕಳಚುತ್ತಾರೆ. ಇವರಿಗೆ ನೋವೇ ಆಗುವುದಿಲ್ಲ. "ನನಗೆ ಈ ಚಪ್ಪಲಿ ಏನೂ ಮಾಡುವುದಿಲ್ಲ" ಎಂದು ಉಮ್ಮ ಹೇಳಿದರೆ ಅದು ಚಪ್ಪಲಿ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಗುಳ್ಳೆ ಒಡೆದು, ಹುಣ್ಣಾಗಿ, ಸಾಕ್ಸ್‌ಗೆ ಕಲೆ ಅಂಟಿದ ಮೇಲಷ್ಟೇ ಮನೆಯವರಿಗೆ ಗೊತ್ತಾಗುತ್ತದೆ. ಬೆರಳು ಕತ್ತರಿಸಬೇಕಾಗಿ ಬರುವ ಎಷ್ಟೋ ಪ್ರಕರಣಗಳ ಆರಂಭ ಇಂಥ ಸಣ್ಣ ಗಾಯವೇ.

ಅವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಚಪ್ಪಲಿ ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮೊಳೆಯ ತುದಿ ಇದೆಯೇ ನೋಡಬೇಕು. ಬಿಸಿ ನೀರಿನಲ್ಲಿ ಕಾಲು ಇಳಿಬಿಡುವುದು ಬೇಡ, ಬಿಸಿಯೂ ಅವರಿಗೆ ತಿಳಿಯುವುದಿಲ್ಲ. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಯಾತ್ರೆಗೆ ಮೊದಲು ವೈದ್ಯರಿಗೆ ಪಾದ ತೋರಿಸಿ, ತವಾಫ್‌ನಲ್ಲೂ ಸಾಕ್ಸ್ ಧರಿಸಬೇಕು. ಸಣ್ಣ ಗುಳ್ಳೆಯಾದರೂ ಮನೆಮದ್ದು ಮಾಡದೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಪ್ರಾಯವಾದವರಿಗೆ ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳಲು ಆಗುವುದಿಲ್ಲ, ಕಣ್ಣೂ ಮಂಜಾಗಿರುತ್ತದೆ. ಇಶಾ ನಮಾಝ್ ಮುಗಿಸಿ ಅವರು ಮಂಚದ ಮೇಲೆ ಕಾಲು ಚಾಚಿದಾಗ ಮಗಳೋ ಸೊಸೆಯೋ ಮೊಮ್ಮಗನೋ ಮೊಬೈಲಿನ ಟಾರ್ಚ್ ಹಿಡಿದು ಹಿಮ್ಮಡಿ, ಅಂಗಾಲು, ಬೆರಳ ಸಂದಿಗಳನ್ನು ಒಂದೊಂದಾಗಿ ನೋಡಿದರೆ ಎರಡು ನಿಮಿಷ ಹಿಡಿಯುತ್ತದೆ.