ಹೊಡೆಯುವ ಮೊದಲೇ ಹೊಡೆಯುವುದು: ಯಾವ ಹಿಂಸೆಯ ಲೆಕ್ಕ?



2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿತು. ಇರಾನ್ ಅಣುಬಾಂಬ್ ತಯಾರಿಸುವ ಮೊದಲೇ ತಡೆಯಬೇಕಿತ್ತು ಎಂಬುದು ಅದು ಕೊಟ್ಟ ಕಾರಣ. ನಮ್ಮ ಸರ್ಕಾರವೂ 2019ರ ಫೆಬ್ರವರಿ 26ರ ಬಾಲಾಕೋಟ್ ದಾಳಿಯನ್ನು ಮುಂಚಿತ ಕ್ರಮವೆಂದೇ ಕರೆದಿತ್ತು. ಪುಲ್ವಾಮಾದಲ್ಲಿ 40 ಯೋಧರು ಹುತಾತ್ಮರಾಗಿ 12 ದಿನವಾಗಿತ್ತು. ಇನ್ನಷ್ಟು ಆತ್ಮಾಹುತಿ ದಾಳಿಗೆ ತಯಾರಿ ನಡೆದಿದೆ ಎಂಬ ಮಾಹಿತಿ ಇತ್ತು ಎಂದು ಅದು ಹೇಳಿತು.

ಇದನ್ನು ಶ್ರಾವಕರು ಹೇಗೆ ನೋಡಬೇಕು? ನಮ್ಮಲ್ಲಿ ಹಿಂಸೆ ನಾಲ್ಕು ವಿಧ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆ ಪೂರ್ತಿ ತ್ಯಾಜ್ಯ. ಮನೆಗೆಲಸದ ಆರಂಭಿ, ದುಡಿಮೆಯ ಉದ್ಯೋಗಿ, ಆತ್ಮರಕ್ಷಣೆಯ ವಿರೋಧಿ ಹಿಂಸೆಗಳನ್ನು ಗೃಹಸ್ಥ ಪೂರ್ತಿ ಬಿಡಲಾರ, ಕಡಿಮೆ ಮಾಡಿಕೊಳ್ಳಬೇಕು. ಗೊಮ್ಮಟೇಶ್ವರನನ್ನು ಕಡೆಯಿಸಿದ ಚಾವುಂಡರಾಯನೂ ಸೇನಾಪತಿಯೇ.

ಕತ್ತಿ ಎತ್ತಿ ಬಾಗಿಲಿಗೆ ಬಂದವನನ್ನು ತಡೆದರೆ ಅದು ವಿರೋಧಿ ಹಿಂಸೆ. ಮುಂದೊಂದು ದಿನ ಬಂದಾನು ಎಂಬ ಸಂಶಯಕ್ಕೇ ಹೊಡೆದರೆ ಅದು ಸಂಕಲ್ಪಿಯ ಕಡೆಗೆ ವಾಲುತ್ತದೆ. ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯೂ ಸಶಸ್ತ್ರ ದಾಳಿ ಆದಾಗ ಆತ್ಮರಕ್ಷಣೆಯ ಹಕ್ಕಿದೆ ಎನ್ನುತ್ತದೆ.

ಬಾಂಬ್ ಬೀಳುವ ತನಕ ಕಾಯಬೇಕೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ಸುಳ್ಳಲ್ಲ. ಆದರೆ ಪುರಾವೆ ಗಟ್ಟಿ ಇರಬೇಕು, ಬೇರೆ ದಾರಿ ಮುಗಿದಿರಬೇಕು. 2003ರಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ಅಮೆರಿಕ ಇರಾಕಿನ ಮೇಲೆ ಯುದ್ಧ ಹೂಡಿತು; ಅವು ಸಿಗಲೇ ಇಲ್ಲ. ಇರಾನ್ ಮತ್ತು ಅಮೆರಿಕದ ಆರನೇ ಸುತ್ತಿನ ಮಾತುಕತೆ ಜೂನ್ 15ಕ್ಕೆ ಮಸ್ಕತ್‌ನಲ್ಲಿ ನಿಗದಿಯಾಗಿತ್ತು. ದಾಳಿ ಅದಕ್ಕೆ ಎರಡು ದಿನ ಮೊದಲೇ ನಡೆಯಿತು.

ಹಾನಗಲ್ಲ, ಹಿರೇಕೆರೂರ ಕಡೆಯ ವ್ಯಾಪಾರಸ್ಥರು ದರ ಏರೀತೆಂದು ಮೊದಲೇ ಮೆಕ್ಕೆಜೋಳ ತುಂಬಿಡುವುದುಂಟು. ಅಂದಾಜು ತಪ್ಪಿದರೆ ನಷ್ಟ ಅವರದೇ, ಮುಂದಿನ ಹಂಗಾಮಿಗೆ ತುಂಬಿಕೊಳ್ಳಬಹುದು. ಯುದ್ಧದಲ್ಲಿ ಅಂದಾಜು ಮಾಡುವವನೊಬ್ಬ, ಮನೆಮಕ್ಕಳನ್ನು ಕಳೆದುಕೊಳ್ಳುವವನು ಇನ್ನೊಬ್ಬ. ಆ ನಷ್ಟಕ್ಕೆ ಮುಂದಿನ ಹಂಗಾಮು ಇಲ್ಲ.

ಮುಂಚಿತವಾಗಿ ಮಾಡುವ ಕೆಲಸವೆಲ್ಲ ಹೊಡೆತವೇ ಆಗಬೇಕಿಲ್ಲ. ಭರತ, ಬಾಹುಬಲಿಯರ ಸೈನ್ಯಗಳು ಎದುರುಬದುರಾದಾಗ ಮಂತ್ರಿಗಳು ಮೊದಲೇ ನಡುವೆ ಬಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಇಬ್ಬರ ನಡುವೆಯೇ ನಡೆದವು, ಸೈನಿಕರು ಉಳಿದರು. ಸವಣೂರ, ಶಿಗ್ಗಾಂವಿಯಂಥ ಊರುಗಳಲ್ಲಿ ಹಬ್ಬಕ್ಕೆ ಮೊದಲು ಎಲ್ಲ ಸಮಾಜದ ಹಿರಿಯರನ್ನು ಕೂಡಿಸಿ ಶಾಂತಿ ಸಭೆ ಮಾಡುವುದೂ ಇದೇ ಜಾಣತನ. ಅಂಥ ಸಭೆಗೆ ಕರೆ ಬಂದಾಗ ಅಂಗಡಿ ಬಾಗಿಲು ಹಾಕಿಯಾದರೂ ಹೋಗಿ ಕೂಡಬೇಕು.